ಅವ್ವ ದಾಟಬಲ್ಲ ಹೊಸ್ತಿಲು

ಅಪ್ಪಾ,

ನಾನು ಬಸ್ಯಾ. ಅಕ್ಷರ ಸೊಟ್ಟಗಿವೆ, ತಾಳ್ಮೆಯಿಂದ ಓದಿಕೋ. ಮಾಸ್ತರ ಕಡೆಗೆ ಪಾಟಿ ಎಸೆದು ನಾನು ಸಾಲಿ ಬಿಟ್ಟು ಬಂದ ದಿನ ನೀನು ಬೈಯಲಿಲ್ಲ, ಕೈಗೆ ಕರಣಿ ಕೊಟ್ಟು ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಕರೆದುಕೊಂಡು ಹೋದೆ. ಆ ಕೆಲಸದಿಂದ ಈ ವರ್ಷ ಏನು ಮಾಡಿದೆ ಅನ್ನುವುದನ್ನು ಹೇಳಬೇಕು. ನಿನಗಲ್ಲದೆ ಯಾರಿಗೆ ಹೇಳಲಿ?

ನೀನು ತೀರಿಹೋದ ಹದಿನೈದು ದಿನಕ್ಕೆ ಅವ್ವ ಬಿದ್ದದ್ದು ನಿನಗೆ ಗೊತ್ತಿಲ್ಲ. ಕೊಪ್ಪಳದ ಅದೇ ಬಾಡಿಗೆ ಮನೆ, ಅದೇ ಮೊಣಕಾಲೆತ್ತರದ ಹೊಸ್ತಿಲು. ಕೊಡ ಹೊತ್ತು ದಾಟುವಾಗ ಕಾಲು ತಾಗಿತು. ನೋವು ಹೋಯಿತು, ಆದರೆ ಮೊಣಕಾಲು ಮಡಚದಂತಾಯಿತು. ನಾನು ಅವಳನ್ನು ಎತ್ತಿ ಹೊರಗಿನ ಕಟ್ಟೆಯ ಮೇಲೆ ಕೂರಿಸುತ್ತಿದ್ದೆ. ಮೂರು ದಿನ ಎತ್ತಿಸಿಕೊಂಡಳು. ನಾಲ್ಕನೆಯ ದಿನ, "ನಾ ಏನ್ ಜ್ವಾಳದ ಚೀಲೇನೋ? ಮುಟ್ಟಬ್ಯಾಡ ನನ್ನ" ಅಂದಳು. ಆಮೇಲೆ ಎಂಟು ತಿಂಗಳು ಹೊರಗೇ ಬರಲಿಲ್ಲ. ಓಣಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ಗೋಡೆ ನೋಡುತ್ತ ಕುಳಿತಳು. ಹೊಸ್ತಿಲು ತಗ್ಗಿಸಿಕೊಳ್ಳುತ್ತೇನೆ ಅಂದರೆ ಮನೆ ಯಜಮಾನ ಒಪ್ಪಲಿಲ್ಲ. ಹಳ್ಳಿಯಲ್ಲೊಂದು ಸ್ವಂತ ಮನೆ ಕೊಳ್ಳಲೇಬೇಕು ಅಂತ ಅಂದೇ ಗಟ್ಟಿ ಮಾಡಿದೆ. ದೊಡ್ಡದಲ್ಲ, ಎರಡು ಅಂಕಣದ್ದು. ಅವ್ವ ಒಬ್ಬಳೇ ಸಾರಿಸಿಕೊಳ್ಳುವಷ್ಟು, ಒಬ್ಬಳೇ ಹೋಗಿ ಬರುವಂಥದ್ದು.

ಅಳವಂಡಿಯಲ್ಲಿ ನೋಡಿದ ಮೊದಲನೆಯ ಮನೆ ನೆನಪಾದರೆ ಈಗಲೂ ಸಿಟ್ಟು ಬರುತ್ತದೆ. ಹೊಸ ಸುಣ್ಣ ಬಳಿದು ಹೊಳೆಯುವಂತೆ ಮಾಡಿದ್ದರು. ನೀನು ಕಲಿಸಿದಂತೆ ಸುತ್ತಿಗೆ ಹಿಡಿಯಿಂದ ತೊಲೆಗೆ ಬಡಿದೆ. ಟೊಳ್ಳು ಸದ್ದು, ತಲೆಯ ಮೇಲೆ ಗೆದ್ದಲ ಪುಡಿ. ಗೆದ್ದಲಿಗೂ ಸೇರಿಸಿ ಬೆಲೆ ಹೇಳಿದ್ದೀರೇನು ಅಂತ ಕೇಳಿದ್ದಕ್ಕೆ ಹೊರಗೆ ದಬ್ಬಿದರು. ಯಲಬುರ್ಗಾ ಕಡೆ ಸಿಕ್ಕದ್ದು ಗಟ್ಟಿ ಮನೆ, ಆದರೆ ಬಾವಿ ಊರಾಚೆ. ಕುಷ್ಟಗಿಯದು ಛತ್ರದಷ್ಟು ದೊಡ್ಡದು, ಕಸ ಹೊಡೆಯುವಷ್ಟರಲ್ಲಿ ಅವ್ವನ ಆಯುಷ್ಯ ಮುಗಿಯುತ್ತಿತ್ತು. ಗಂಗಾವತಿಯ ಹೊಳೆಸಾಲಿನ ಮನೆಗಳಂತೂ ನಮ್ಮ ಕೈಗೆ ಎಟುಕುವ ಮಾತೇ ಅಲ್ಲ. ನೀನು ಕೂಡಿಟ್ಟದ್ದು, ಅವ್ವನ ಪಾಟಲಿ ಬಳೆ, ಇಷ್ಟೇ ನಮ್ಮ ಗಂಟು.

ಹುಲಿಗಿ ದಾರಿಯ ಸಣ್ಣ ಊರಲ್ಲಿ ನಿಂಗಜ್ಜ ಅನ್ನುವ ಮುದುಕನ ಮನೆ ಸಿಕ್ಕಿತು, ಅರ್ಧ ತಾಸು ಬಡಿದು ನೋಡಿದರೂ ಎಲ್ಲೂ ಟೊಳ್ಳಿಲ್ಲ. ತೇಗದ ತೊಲೆ, ಒಂದೂವರೆ ಮೊಳ ದಪ್ಪದ ಗೋಡೆ, ಬಾವಿ ಪಕ್ಕದಲ್ಲೇ. ಮುದುಕ ಮಗಳ ಊರಿಗೆ ಹೋಗುವವನು, ಹೇಳಿದ ಬೆಲೆಯೂ ನಮ್ಮ ಗಂಟಿಗೆ ಸರಿಹೋಗುವಂಥದ್ದೇ. ಒಂದೇ ಒಂದು ಕೆಟ್ಟದ್ದು: ಕೊಪ್ಪಳದ್ದಕ್ಕಿಂತ ಎತ್ತರದ ಹೊಸ್ತಿಲು. ಕಡಿದು ತಗ್ಗಿಸುತ್ತೇನೆ ಅಂದೆ. ಮುದುಕ ಎದ್ದು ನಿಂತ. "ನಮ್ಮವ್ವ, ನನ್ನ ಹೇಣ್ತಿ ದಿನಾ ಅರಿಷಿಣ ಹಚ್ಚಿ ಕೈಮುಗದ ಹೊಸ್ತಿಲಾ ಅದು. ಅದಕ್ಕ ಗರಗಸ ಹಚ್ಚಾಂವಗ ನಾ ಮನಿ ಕೊಡಂಗಿಲ್ಲ."

"ಹಂಗಾದ್ರ ಹೋಗೋ ಮುಂದ ಅದನ್ನ ಹೊತಗೊಂಡ ಹೋಗು" ಅಂತ ಬಂದುಬಿಟ್ಟೆ.

ಮನೆಗೆ ಬಂದು ಹೇಳಿದಾಗ ಅವ್ವ ನನ್ನ ಕಡೆ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಅವಳು ಮುದುಕನ ಕಡೆ ನಿಂತಳು. ಹೊಸ್ತಿಲು ಕಡಿದ ಮನೆಗೆ ತಾನು ಕಾಲಿಡುವುದಿಲ್ಲವಂತೆ. ದಾಟಲಾರದ ಹೊಸ್ತಿಲ ಮೇಲೆ ಇಷ್ಟು ಪ್ರೀತಿ ಯಾಕೆ ಅಪ್ಪಾ? ನನಗಂತೂ ತಿಳಿಯಲಿಲ್ಲ.

ವಾರದ ಮೇಲೆ ಕೆಲಸಕ್ಕೆ ಹೋಗುವಾಗ ಒಂದು ಹಳೆಯ ಗುಡಿಯ ಮುಂದೆ ನಿಂತೆ. ಸುತ್ತಲಿನ ಮಣ್ಣು ಏರಿ ಏರಿ ಅದರ ಮೆಟ್ಟಿಲು ಮುಚ್ಚಿಹೋಗಿದ್ದವು. ನಾನೆಂಥ ಗೌಂಡಿ! ಹೊಸ್ತಿಲು ಇಳಿಯದಿದ್ದರೆ ನೆಲ ಏರಲಿ. ಓಡಿಹೋಗಿ ಮುದುಕನಿಗೆ ಹೇಳಿದೆ. ಅವನು ಬಾಯಿ ತುಂಬ ನಕ್ಕ. "ಮೊದಲ ಯಾಕ ಒದರ್ಯಾಡಿದಿಪಾ? ತಲಿ ಐತಿ ನಿನಗ, ಬಾಯಿನ ಅದಕ್ಕಿಂತ ಮುಂದ ಓಡತೈತಿ" ಅಂದ. ನಾನು ಮೊದಲ ಸಲ ಎದುರಾಡದೆ ಬೈಸಿಕೊಂಡು, ಗಂಟು ಬಿಚ್ಚಿ ಮನೆ ಕೊಂಡೆ; ಅವ್ವನೂ ಒಪ್ಪಿದಳು.

ಚಕ್ಕಡಿಗಟ್ಟಲೆ ಗರಸು ಮಣ್ಣು ಹೇರಿ ತಂದು ಒಳಗೆ ತುಂಬಿ ಬಡಿದ ಆ ದಿನಗಳಲ್ಲಿ ನೀನಿರಬೇಕಿತ್ತು. ಮಳೆ ನೀರು ಎಲ್ಲಿ ಹೋಗುತ್ತದೆ ಅಂತ ಕೇಳುತ್ತೀ, ಗೊತ್ತು. ಹೊರಗೆ ಬೀದಿಯವರೆಗೂ ಇಳಿಜಾರು ಮಾಡಿದ್ದೇನೆ, ಮೆಟ್ಟಿಲೇ ಇಲ್ಲ. ಹೊಸ್ತಿಲು ಈಗ ನಾಲ್ಕು ಬೆರಳು ಮೇಲಿದೆ, ಅರಿಷಿಣಕ್ಕೆ ಅಷ್ಟು ಸಾಕು. ನೆಲ ಏರಿದ್ದಕ್ಕೆ ಬಾಗಿಲು ಗಿಡ್ಡಾಯಿತು, ಒಪ್ಪುತ್ತೇನೆ. ಊರ ಲೆಕ್ಕದ ಪಟವಾರಿ ಬಂದು ಹಣೆ ಬಡಿಸಿಕೊಂಡು ಹೋದ. ನನಗೂ ದಿನಕ್ಕೊಂದು ಬುಗುಟೆ. ಗಿಡ್ಡಿ ಅವ್ವ ಒಬ್ಬಳೇ ತಲೆಯೆತ್ತಿ ಒಳಗೆ ಹೋಗುವವಳು.

ಇವತ್ತು ಸಂಜೆ ಕೆಲಸದಿಂದ ಬಂದೆ. ಬಾಗಿಲು ತೆರೆದಿತ್ತು, ಅವ್ವ ಇರಲಿಲ್ಲ. ಹಿತ್ತಲು, ಬಾವಿ, ಎಲ್ಲ ನೋಡಿದೆ. ಮೂರನೆಯ ಮನೆಯ ಇಮಾಂಬಿಯ ಅಂಗಳದಿಂದ ಅವಳ ದನಿ ಕೇಳಿತು. ಕಂಬಳಿಯ ಮೇಲೆ ಕಾಲು ಚಾಚಿ ಕುಳಿತು, ಇಮಾಂಬಿಯ ಸೊಸೆಗೆ ರೊಟ್ಟಿ ಬಡಿಯಲು ಬರುವುದಿಲ್ಲ ಅಂತ ವಾದ ಹೂಡಿದ್ದಳು. ಹೇಳಿ ಬರಬಾರದೇನಬೇ ಅಂತ ಚೀರಿದೆ.

ಅವಳು ನನ್ನ ಕಡೆ ತಿರುಗಲೂ ಇಲ್ಲ. "ಹೋಗಿ ಒಲಿ ಹಚ್ಚು. ನನಗ ಇಲ್ಲಿ ಕೆಲಸ ಐತಿ."

ಒಲೆ ಹಚ್ಚಿ ಇದನ್ನು ಬರೆಯಲು ಕುಳಿತೆ. ಇಷ್ಟು ಬರೆದು ಮುಗಿಸಿದರೂ ಅವ್ವ ಇನ್ನೂ ಬಂದಿಲ್ಲ. ಕರೆಯಲು ನಾನು ಹೋಗುವುದಿಲ್ಲ ಅಪ್ಪಾ.

ನಿನ್ನ ಬಸ್ಯಾ