ಅಣ್ಣನ ಬಾಗಿಲಲ್ಲಿ

ನರೇಗಲ್, ೧೮೫೬ನೇ ಇಸವಿ ಮಾರ್ಚ್ ೧೨, ಬುಧವಾರ.

ಅಣ್ಣನ ಮಾತು ಇನ್ನೂ ಚುಚ್ಚುತ್ತಿದೆ. ನಾನು ಕ್ರೈಸ್ತನಾದಂದಿನಿಂದ ಅವನು ನನ್ನನ್ನು ಮನೆಯೊಳಗೆ ಬಿಟ್ಟಿಲ್ಲ. ಇವತ್ತು ಅವ್ವನಿಗೆ ಜ್ವರವೆಂದು ಕೇಳಿ ಓಡಿದೆ.

"ಲಿಂಗಾ ಬಿಟ್ಟವಗ ಈ ಮನ್ಯಾಗ ಏನ್ ಕೆಲಸ?" ಎಂದ, ಬಾಗಿಲಿಗೆ ಅಡ್ಡ ನಿಂತು.

ಹೋದ ಸಲ ಎದುರು ಮಾತಾಡಿ, ಜಗಳವಾಡಿ ಬಂದಿದ್ದೆ. ಇವತ್ತು ನಾಲಿಗೆಯವರೆಗೆ ಬಂದ ಉತ್ತರವನ್ನು ನುಂಗಿ ಅಂಗಳದ ಬಿಸಿಲಲ್ಲೇ ಕೂತೆ. ಹೊತ್ತು ಇಳಿಯುವವರೆಗೂ ಏಳಲಿಲ್ಲ.

ಕೊನೆಗೆ ಅಣ್ಣನೇ ಮತ್ತೆ ಬಾಗಿಲಿಗೆ ಬಂದ. "ಅವ್ವ ನಿನ್ನ ಹೆಸರ ಕನವರಸಾಕತ್ತಾಳ. ಊರ ಮಂದಿ ಮಾತು ನಾ ಎಷ್ಟಂತ ತಡಕೊಳ್ಳಲೋ ತಮ್ಮಾ?" ಎಂದವನ ದನಿ ಒಡೆಯಿತು. ಬಾಗಿಲಿನಿಂದ ಸರಿದು ನಿಂತ.

ಅವ್ವ ನನ್ನ ಕೈ ಹಿಡಿದುಕೊಂಡೇ ನಿದ್ದೆಹೋದಳು.

ಕರ್ತನೇ, ತಾಳಿಕೊಂಡವನು ನಾನೊಬ್ಬನೇ ಎಂದುಕೊಂಡಿದ್ದೆನಲ್ಲ! ನಾಳೆ ಮೊದಲು ಅಣ್ಣನ ಕಷ್ಟ ಕೇಳಬೇಕು, ಆಮೇಲೆ ನನ್ನದು ಹೇಳಬೇಕು.