ಬೆನ್ನು ತಿರುಗಿಸಿದ ಚುಕ್ಕಿ

ಜುಲೈ 14, ವಿಶಾಖಪಟ್ಟಣ
ಬಸ್ಸು ತಡ. ಋಷಿಕೊಂಡ ಗುಡ್ಡ ಹತ್ತಿ ಸ್ಟುಡಿಯೋ ಸೇರುವಷ್ಟರಲ್ಲಿ ನಮ್ಮ ತೆಲುಗು ಕಾರ್ಟೂನ್ ಸಿನಿಮಾದ ಕ್ಲೈಮ್ಯಾಕ್ಸ್ ಬದಲಾಗಿತ್ತು. ನಾನು ಬರೆದ ಕಥೆಯ ಚುಕ್ಕಿ, ಮಂಗಳಗಿರಿಯ ನೇಕಾರರ ಹುಡುಗಿ, ರಾಕ್ಷಸನನ್ನು ಮಗ್ಗದ ನೂಲಿನಲ್ಲಿ ಕಟ್ಟಿಹಾಕಿ ಊರು ಉಳಿಸಬೇಕಿತ್ತು. ಈಗ ಕುದುರೆ ಮೇಲೆ ರಾಜಕುಮಾರ ಬಂದು ಕತ್ತಿ ಬೀಸುತ್ತಾನೆ. ಚುಕ್ಕಿ ನಮಗೆ ಬೆನ್ನು ಹಾಕಿ ಸುಮ್ಮನೆ ನಿಂತಿರುತ್ತಾಳೆ, ಬಾಯಿಲ್ಲದವಳ ಹಾಗೆ.

"ಗಂಡುಮಕ್ಕಳೂ ನೋಡಬೇಕು ಕದಾ, ನಮ್ರತಗಾರು," ಎಂದ ಡೈರೆಕ್ಟರ್ ರಘುನಂದನ, ತನ್ನ ತೆಲುಗಿನಲ್ಲಿ. ಟೈಟಲ್‌ನಲ್ಲಿ 'ಕಥೆ' ಎಂದಿರುವ ಕಡೆಯೂ ಅವನದೇ ಹೆಸರು. ಉಂಡೂ ಹೋದ, ಕೊಂಡೂ ಹೋದ.

ಜುಲೈ 15
ಲ್ಯಾಪ್‌ಟಾಪ್‌ನಲ್ಲಿ ಹೊಸ ಕ್ಲೈಮ್ಯಾಕ್ಸ್ ನೋಡಿ ಮಗಳು ಲಾವಣ್ಯಾ ಕೇಳಿದಳು — "ಅಮ್ಮಾ, ಚುಕ್ಕಿಗೆ ಭಯಾನಾ? ಯಾಕೆ ಸುಮ್ನೆ ನಿಂತಿದ್ದಾಳೆ?"

ಲ್ಯಾಪ್‌ಟಾಪ್ ಮುಚ್ಚಿದೆ. ಆ ರಘುನಂದನನನ್ನು ಬಿಡುವುದಿಲ್ಲ.

ಆಗಸ್ಟ್ 22
ಕನ್ನಡ ಡಬ್ಬಿಂಗ್ ನನ್ನ ತಲೆಗೆ. ಮಾತು ಬರೆಯುವವಳೂ ನಾನೇ, ಚುಕ್ಕಿಯ ದನಿಯೂ ನಾನೇ. ಕ್ಲೈಮ್ಯಾಕ್ಸಿನ ಆ ಶಾಟ್ ಮತ್ತೆ ಮತ್ತೆ ನೋಡಿದೆ... ಬೆನ್ನು. ತುಟಿ ಕಾಣುವುದಿಲ್ಲ. ತುಟಿ ಕಾಣದ ಕಡೆ ಯಾವ ಮಾತಾದರೂ ಕೂರುತ್ತದೆ! ತುಟಿಗೆ ಮಾತು ಹೊಂದಿಸುವ ಲಿಪ್ ಸಿಂಕ್ ಕೆಲಸ ತಪ್ಪಲಿ ಎಂದು ರಘುನಂದನನೇ ಅವಳನ್ನು ತಿರುಗಿಸಿದ್ದು.

ಆಗಸ್ಟ್ 29
ನನ್ನ ಡಬ್ಬಿಂಗ್ ರಘುನಂದನ ಕೇಳಿ ಓಕೆ ಮಾಡಿದ. ಅವನ ತಾಯಿ ಮಂಡ್ಯದವರು. ಆದರೆ ವಿಜಯವಾಡದಲ್ಲಿ ಬೆಳೆದ ಇವನಿಗೆ ಊಟದ, ಬೈಗುಳದ ಮಾತಿನಾಚೆ ಕನ್ನಡ ತಿಳಿಯದು. ತಿಳಿಯಲಿಲ್ಲ ಎನ್ನಲು ಜಂಬ ಬಿಡದು. "ಬಾಗುಂದಿ, ಚೆನ್ನಾಗಿದೆ! ಮಾತೃಭಾಷೆ ಕದಾ," ಎಂದು ತಲೆಯಾಡಿಸಿದ. ಇವತ್ತಿನ ಕಾಫಿಗೆ ಎಂಥ ರುಚಿ!

ಸೆಪ್ಟೆಂಬರ್ 28, ವಿಜಯವಾಡ
ದಸರಾ. ಬೆಳಿಗ್ಗೆ ರಘುನಂದನ ಇಂದ್ರಕೀಲಾದ್ರಿ ಬೆಟ್ಟ ಹತ್ತಿ ದುರ್ಗಮ್ಮನಿಗೆ ಕೈಮುಗಿದು ಬಂದ. ಆ ತಾಯಿಯ ಪರವಾಗಿ ಯಾವ ರಾಜಕುಮಾರ ಶೂಲ ಹಿಡಿದಿದ್ದನೋ, ಕೇಳಬೇಕಿತ್ತು.

ಸಂಜೆ ಕನ್ನಡ ಶೋ. ಊರಿನ ಕನ್ನಡದವರೆಲ್ಲ ಮಕ್ಕಳ ಸಮೇತ. ಮುಂದಿನ ಸಾಲಿನಲ್ಲಿ ಅವನು, ಪಕ್ಕದಲ್ಲಿ ತಾಯಿ ಪುಟ್ಟಮ್ಮ. ರಾಜಕುಮಾರ ಕತ್ತಿ ಬೀಸಿದ. ಚುಕ್ಕಿಯ ಬೆನ್ನು. ನನ್ನ ದನಿ — "ರಾಕ್ಷಸನ ಕೈಕಾಲು ನಾನಾಗ್ಲೇ ನೂಲಲ್ಲಿ ಕಟ್ಟಿದ್ದೀನಿ. ಕಟ್ಟಿಟ್ಟಿದ್ದನ್ನ ಹೊಡೆಯೋಕೆ ಕುದುರೆ ಬೇರೆ ಬೇಕಿತ್ತಾ? ಕಥೆ ನಂದು ಕಣೋ. ಹೆಸರು ಮಾತ್ರ ನಿಂದು!"

ಹಾಲ್ ತುಂಬಾ ನಗು. ಲಾವಣ್ಯಾ ಕುರ್ಚಿ ಮೇಲೆ ನಿಂತು ಚಪ್ಪಾಳೆ. ಎಲ್ಲರೂ ನಗುತ್ತಾರೆಂದು ಅವನೂ ನಕ್ಕ. "ಅಮ್ಮಾ, ಏಮಂದಿ? ಏನು ಹೇಳಿದಳು?"

ಅಷ್ಟರಲ್ಲಿ ಪರದೆಯ ಮೇಲೆ — 'ಕಥೆ: ರಘುನಂದನ'. ಪುಟ್ಟಮ್ಮ ಓದಿದರು. ಮಗನ ಕಡೆ ತಿರುಗಿದರು. ಹಾಲ್‌ಗೆಲ್ಲ ಕೇಳುವಂತೆ — "ಯಾವ್ ಹೆಣ್ಮಗ್ಳು ಕತೆ ಕದ್ದಿದ್ದೀಯಲಾ?"

ಬೈಗುಳ. ಅದು ಅವನಿಗೆ ಅರ್ಥವಾಯಿತು.

ಲಾಬಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬಾಗಿಲು ತಳ್ಳಿಕೊಂಡು ಬರುತ್ತಿದ್ದಾನೆ, ಮುಖ ಕೆಂಪು. ಹಿಂದೆಯೇ ಪುಟ್ಟಮ್ಮ. ಬರಲಿ. ಈ ಸಲ ತುಟಿ ಕಾಣುವ ಹಾಗೆಯೇ ಹೇಳುತ್ತೇ—