ಅಕ್ಕನ ಪರಿಚಯದವರು

ಕೆ.ಆರ್. ನಗರ
18 ಸೆಪ್ಟೆಂಬರ್ 2024

ಪ್ರೀತಿಯ ಸುಫಿಯಾ,

ಭಾನುವಾರ ನಿಮ್ಮ ಅಬ್ಬಾ ಲತೀಫ್ ಅವರನ್ನು ಕರೆದುಕೊಂಡು ಹುಣಸೂರಿನಿಂದ ನಮ್ಮ ಮನೆಗೆ ಬರುವುದಾಗಿಯೂ, ಸಂಘಮಿತ್ರ ಮೇಡಂಗೆ ಕೈಯಾರೆ ಸಿಹಿ ಕೊಡಬೇಕೆಂದೂ ಬರೆದಿದ್ದೀಯ. ನೀನು ಬಸ್ಸು ಹತ್ತುವ ಮೊದಲೇ ಈ ಕಾಗದ ನಿನ್ನ ಕೈ ಸೇರಲಿ.

ನಾನು ಸುಧಾ, ಸಂಘಮಿತ್ರಳ ತಂಗಿ. ಅಕ್ಕ ಈಗ ಇಲ್ಲ. ಹೋದ ವರ್ಷ ಜೂನ್‌ನಲ್ಲಿ ಬಿಳಿಕೆರೆ ಹತ್ತಿರ ಅವಳ ಸ್ಕೂಟರಿಗೆ ಲಾರಿ ಗುದ್ದಿತು. ನೀನು ಅವಳಿಗೆ ಮೊದಲ ಸಲ ಬರೆಯುವ ಹೊತ್ತಿಗೆ ಅವಳು ಹೋಗಿ ಎಂಟು ತಿಂಗಳಾಗಿತ್ತು.

ಓದುವುದನ್ನು ನಿಲ್ಲಿಸಬೇಡ, ದಯವಿಟ್ಟು.

ಹೋಟೆಲು, ರೆಸಾರ್ಟುಗಳಿಗೆ ಮರದ ಕೆಲಸ ಮಾಡಿಸಿಕೊಡುವ ಮೈಸೂರಿನ ಕಂಪನಿಯೊಂದರಲ್ಲಿ ಅಕ್ಕ ಇದ್ದಳು. ಉದ್ಯೋಗಸ್ಥರು ಪರಸ್ಪರ ಪರಿಚಯವಾಗುವ ಆ ಜಾಲತಾಣದಲ್ಲಿ ಅವಳಿಗೆ ನೂರಾರು ಜನ. ಅವರಲ್ಲಿ ಹೆಚ್ಚಿನವರು ಅವಳ ಮುಖ ನೋಡಿದವರಲ್ಲ, ಸತ್ತ ಸುದ್ದಿ ಅವರಿಗೆ ತಲುಪಲೇ ಇಲ್ಲ. ಅವಳ ಫೋನು ನನ್ನ ಕೈಗೆ ಬಂದ ಮೇಲೆ ಒಂದು ದಿನ ಸಾಲುಸಾಲಾಗಿ ಸಂದೇಶ ಬಂದವು: ಕೆಲಸದಲ್ಲಿ ಆರು ವರ್ಷ ಪೂರೈಸಿದ್ದಕ್ಕೆ ಅಭಿನಂದನೆಗಳು! ಮೈ ಜುಮ್ಮೆಂದಿತು. ಆದರೂ ಒಬ್ಬರಿಗೆ ‘ಧನ್ಯವಾದ’ ಎಂದು ಒತ್ತಿದೆ. ಆ ಕ್ಷಣ ಅಕ್ಕ ಪಕ್ಕದ ಕೋಣೆಯಲ್ಲಿ ಕೂತಿದ್ದಾಳೆ ಅನ್ನಿಸಿತು. ಆಮೇಲೆ ಬಿಡಲಾಗಲಿಲ್ಲ. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತವಳಿಗೆ ಅದೇ ಕೆಲಸವಾಯಿತು.

ಆಗ ನೀನು ಬರೆದೆ. ಅಬ್ಬಾನ ಜೊತೆ ನೀನೂ ಕೆತ್ತಿದ ಕಿಟಕಿಗಳ ಫೋಟೊ, ಕೆಳಗೆ ‘ಇಂಗ್ಲಿಷ್ ಅಷ್ಟು ಬರಲ್ಲ ಮೇಡಂ’ ಎಂಬ ಮಾತು. ಅಕ್ಕನ ಹಳೆಯ ಸಂದೇಶಗಳನ್ನು ಓದಿ ಓದಿ, ಅವಳ ಹಾಗೆಯೇ ನಿನ್ನನ್ನು ‘ನೀನು’ ಎಂದೇ ಕರೆದು ಉತ್ತರ ಕೊಟ್ಟೆ. ಎಚ್.ಡಿ. ಕೋಟೆಯ ರೆಸಾರ್ಟಿನ ಕಾಂತರಾಜು ಅವರಿಗೆ ನಿನ್ನ ಪರಿಚಯ ಮಾಡಿಕೊಟ್ಟವಳೂ ನಾನೇ. ನಿನಗೆ ಬಾಗಿಲುಗಳ ಕೆಲಸ ಸಿಕ್ಕಿದ ದಿನ ನಾನು ಅತ್ತೆ.

ಅಲ್ಲಿಯವರೆಗಿನ ಸುಳ್ಳು ನನ್ನದು. ಮುಂದಿನದು ನನ್ನದಲ್ಲ.

ಆಗಸ್ಟ್‌ನಲ್ಲಿ ನನಗೆ ಡೆಂಗಿ ಬಂತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ, ಅವ್ವ ನನ್ನ ಜೊತೆಗೇ ಇದ್ದಳು. ಮನೆಗೆ ಬೀಗ, ಅಕ್ಕನ ಫೋನು ಒಳಗೆ. ವಾಪಸು ಬಂದಾಗ ಅದು ಚಾರ್ಜಿಲ್ಲದೆ ಆರಿತ್ತು. ಚಾರ್ಜಿಗೆ ಹಾಕಿ ತೆರೆದರೆ, ಆ ಒಂಬತ್ತು ದಿನವೂ ನೀನೂ ಅಕ್ಕನೂ ಮಾತಾಡಿದ್ದೀರಿ. ಬಾಗಿಲ ಹಲಗೆಯನ್ನು ಚೌಕಟ್ಟಿಗೆ ಬಿಗಿಯಾಗಿ ಕೂರಿಸಬೇಡ, ಮಳೆಗಾಲಕ್ಕೆ ಮರ ಉಬ್ಬುತ್ತದೆ, ಸ್ವಲ್ಪ ಎಡೆ ಬಿಡು ಎಂದು ಅವಳು ನಿನಗೆ ಹೇಳಿದ್ದಾಳೆ. ನನಗೆ ತೇಗ ಯಾವುದು, ಹೊನ್ನೆ ಯಾವುದು ಎಂದೂ ತಿಳಿಯದು ಸುಫಿಯಾ. ಕೊನೆಯ ಸಂದೇಶ ನೆನಪಿದೆಯಾ? ‘ನನ್ನ ತಂಗಿಗೆ ಹುಷಾರಿಲ್ಲ. ಎದ್ದು ಓಡಾಡುವಂತಾದ ಮೇಲೆ ನಿನಗೆ ಪರಿಚಯ ಮಾಡಿಸ್ತೀನಿ. ನಿಮ್ಮಿಬ್ಬರಿಗೂ ಹೊಂದುತ್ತೆ.’

ಅವ್ವನನ್ನು ಕೇಳಿದೆ. “ಬೀಗ ಆಕಿದ್ದು ಆಕ್ದಂಗೇ ಅದೆ ಕಣವ್ವ. ಫೋನ ಯಾರು ಮುಟ್ಟಾರು?” ಎಂದಳು.

ಅಕ್ಕನ ಜೊತೆ ಕೆಲಸ ಮಾಡುತ್ತಿದ್ದ ರಘುಗೆ ಪಾಸ್‌ವರ್ಡ್ ಗೊತ್ತಿರಬಹುದು ಎಂದುಕೊಂಡು ಮೈಸೂರಿಗೇ ಹೋದೆ. ಅವರು ಬಿಳಿಚಿಕೊಂಡರು. “ಸತ್ತವರ ಹೆಸರಲ್ಲಿ ಯಾರಮ್ಮ ಹಂಗೆಲ್ಲ ಮಾಡ್ತಾರೆ?” ಅಂದರು. ತಲೆ ತಗ್ಗಿಸಿ ಎದ್ದು ಬಂದೆ. ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಲಾಗ್‌ಔಟ್ ಮಾಡಿ, ಫೋನಿನ ಸಿಮ್ಮನ್ನೂ ತೆಗೆದೆ.

ಮೂರನೆಯ ದಿನ ಬೆಳಿಗ್ಗೆ ನನ್ನ ಸ್ವಂತ ನಂಬರಿಗೆ ಕಾಂತರಾಜು ಫೋನ್ ಮಾಡಿದರು. “ನಿಮ್ಮಕ್ಕ ಈಗ ತಾನೆ ಮೆಸೇಜ್ ಆಕಿದ್ರು ಕಣ್ರೀ. ಆಫೀಸಿಗೆ ಒಬ್ರು ಬೇಕು ಅಂದಿದ್ದೆ. ನನ್ ತಂಗಿ ಅವ್ಳೆ, ಬಾಯ್ಬಿಟ್ಟು ಕೇಳೋಳಲ್ಲ, ನೀವೇ ಕರೀರಿ ಅಂತ ನಂಬರ್ ಕೊಟ್ಟವ್ರೆ.”

ಇನ್ನು ಸುಳ್ಳು ಸಾಕು ಎಂದು ಅವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. “ನೀವು ಸೋಮವಾರ ಕೆಲಸಕ್ಕೆ ಬನ್ರಿ” ಎಂದರು. ನಿನಗೆ ತಾವು ಏನೂ ಹೇಳುವುದಿಲ್ಲ, ನಾನೇ ಹೇಳಬೇಕು ಎಂದೂ ಸೇರಿಸಿದರು.

ಮರಣ ಪ್ರಮಾಣಪತ್ರ ಕಳಿಸಿ ಅಕ್ಕನ ಖಾತೆಯನ್ನು ಮುಚ್ಚಿಸಿದ್ದೇನೆ. ನಿನ್ನೆಗೆ ಅದು ಪೂರ್ತಿ ಅಳಿಸಿಹೋಯಿತು. ಈಗ ಮನೆ ತುಂಬ ಸುಮ್ಮನಿದೆ. ಭಯ ಹೋಗಿದೆ ಎನ್ನಲಾರೆ. ಆದರೆ ಅವಳು ಇನ್ನು ಬರೆಯುವುದಿಲ್ಲವಲ್ಲ ಎಂಬ ಸಂಕಟ ಭಯಕ್ಕಿಂತ ದೊಡ್ಡದು.

ನಿನಗೆ ಕೋಪ ಬಂದರೆ ಬರಬೇಡ, ನಾನು ಅದಕ್ಕೆ ತಕ್ಕವಳೇ. ಬರುವುದಾದರೆ ಊಟಕ್ಕೇ ಬಾ. ಅವ್ವನಿಗೆ ನಿನ್ನ ವಿಷಯ ಹೇಳಿದ್ದೇನೆ.

ಇಷ್ಟು ದಿನ ಇನ್ನೊಬ್ಬಳ ಹೆಸರಿನಲ್ಲಿ ಬರೆದ,
ಸುಧಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಆ ದಿನ ಅಕ್ಕ ಕಂಪನಿಯ ಕೆಲಸಕ್ಕೆ ಹೋಗುತ್ತಿದ್ದಳು ಎಂದು ಅವ್ವನಿಗೂ ಊರಿಗೂ ಹೇಳಿದ್ದೇನೆ. ನಿಜವಾಗಿ ಅವಳು ರಜೆ ಹಾಕಿದ್ದಳು. ಬರೀ ಮೆಸೇಜಿನಲ್ಲಿ ಕೇಳಿದರೆ ಯಾರು ಕೆಲಸ ಕೊಡುತ್ತಾರೆ, ಎದುರಿಗೆ ಹೋಗಿ ಕೇಳು ಎಂದು ನಾನೇ ಹಟ ಹಿಡಿದಿದ್ದೆ. ನನಗೊಂದು ಕೆಲಸ ಕೇಳಲು ಅವಳು ಕಾಂತರಾಜು ಅವರಲ್ಲಿಗೇ ಹೊರಟಿದ್ದಳು.